ಆಸ್ಪತ್ರೆಯ ಪ್ರಶ್ನಾವಳಿಯೂ ರಾಯಚೂರು ಸೀಮೆಯ ನುಡಿಯೂ

ಚಿಕಿತ್ಸೆ ಪಡೆದವರ ಅನುಭವವನ್ನು ವಿಚಾರಿಸಿ ಆಸ್ಪತ್ರೆಯ ಗುಣದೋಷಗಳನ್ನು ಅರಿಯುವ ಪದ್ಧತಿಯು ನಮ್ಮ ದೇಶದಲ್ಲಿಯೂ ರೂಢವಾಗಿದೆ. ಕೇಂದ್ರ ಸರ್ಕಾರವು 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ಏರ್ಪಾಡನ್ನು ಆರಂಭಿಸಿ, ಕಿರುಸಂದೇಶ, ದೂರವಾಣಿಯ ಕರೆ, ಜಾಲತಾಣ ಮುಂತಾದುವುಗಳ ಮೂಲಕ ರೋಗಿಗಳ ಅಭಿಪ್ರಾಯವನ್ನು ಸಂಗ್ರಹಿಸತೊಡಗಿತು. ಇಂಥ ವಿಚಾರಣೆಗೆ ಭಾಷೆಯೇ ಮುಖ್ಯವಾದ ಉಪಕರಣ. ಆದುದರಿಂದ ಇದು ವೈದ್ಯರಿಗೆ ಮಾತ್ರವಲ್ಲದೆ ಭಾಷಾಭ್ಯಾಸಿಗಳಿಗೂ ಸೇರಿದ ವಿಷಯವಾಗಿದೆ.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ ಸುಮಾರು 75 ಇದ್ದರೆ, ರಾಯಚೂರು ಜಿಲ್ಲೆಯಲ್ಲಿ ಸುಮಾರು 60 ಮಾತ್ರ. ಸ್ತ್ರೀಯರಲ್ಲಿ ಅದು ಅರ್ಧಕ್ಕಿಂತಲೂ ಕಡಿಮೆ. ಈ ಅಂಕಿಗಳೂ ಪೂರ್ಣಸತ್ಯವನ್ನು ಹೇಳಲಾರವು. ಏಳು ವರ್ಷ ತುಂಬಿದವರು ಯಾವುದಾದರೊಂದು ಭಾಷೆಯನ್ನು ಅರ್ಥವರಿತು ಓದಿ ಬರೆಯಬಲ್ಲರಾದರೆ ಜನಗಣತಿಗೆ ಅವರು ಸಾಕ್ಷರರು. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಈ ಗಡಿಸೀಮೆಯಲ್ಲಿ ಉರ್ದು ಅಥವಾ ತೆಲುಗನ್ನು ಮಾತ್ರ ಓದಬಲ್ಲವರೂ ಇದ್ದಾರೆ; ತಾಂಡಾಗಳಲ್ಲಿ ಲಂಬಾಣಿಯೇ ಮನೆಮಾತು. ರಾಯಚೂರು ನಗರದ ದೊಡ್ಡ ಆಸ್ಪತ್ರೆಯಲ್ಲಾಗಲಿ, ದೇವದುರ್ಗ, ಮಾನ್ವಿಗಳ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ ಅಚ್ಚಾದ ಕನ್ನಡ ಪತ್ರವೊಂದನ್ನೇ ಎಲ್ಲರ ಕೈಗಿತ್ತರೆ, ಉತ್ತರಿಸುವವರು ಓದುಬಲ್ಲ ಕೆಲವರು. ಔಷಧದ ಚೀಟಿಯನ್ನು ಓದಲಾರದೆ ತೊಂದರೆಪಟ್ಟವಳ ಅನುಭವವು ಲೆಕ್ಕಕ್ಕೇ ಬಾರದೆ ಹೋಗುವುದು. ಆಗ ಆಸ್ಪತ್ರೆಯು ತಾನಿರುವುದಕ್ಕಿಂತ ಉತ್ತಮವಾಗಿ ಕಾಣಿಸಿಕೊಳ್ಳುವ ಸಂಭವವುಂಟು.

ಬರಹವನ್ನು ಓದಿ ಕೇಳಿಸುವುದು ಈ ನಾಡಿಗೆ ಹೊಸದೇನಲ್ಲ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಿಂದ ಅಶೋಕನ ಹೆಸರು ಖಚಿತವಾಯಿತಷ್ಟೆ. ಆ ಅರಸನೇ ಧೌಲಿ, ಜೌಗಡಗಳ ಶಾಸನಗಳಲ್ಲಿ, ಅವುಗಳನ್ನು ತಿಷ್ಯ ನಕ್ಷತ್ರದ ದಿನ ಕೇಳಿಸಬೇಕೆಂದು ವಿಧಿಸಿದ್ದಾನೆ. ಪ್ರಶ್ನಾವಳಿಯೂ ಮೊದಲು ಕಿವಿಗಾಗಿ ರಚಿತವಾಗಬೇಕು, ಆಮೇಲೆ ಕಣ್ಣಿಗೆ.

ಕಿವಿಗಾಗಿ ರಚಿಸುವಾಗ ಪದಗಳ ಆಯ್ಕೆ ಮೊದಲನೆಯದು. ‘ಸಿಬ್ಬಂದಿಯ ವರ್ತನೆಯಿಂದ ನೀವು ಎಷ್ಟರಮಟ್ಟಿಗೆ ಸಂತೃಪ್ತರು?’ ಎಂಬುದು ವ್ಯಾಕರಣಶುದ್ಧವಾದರೂ ನಿಷ್ಫಲ. ‘ಡಾಕ್ಟರು ನಿಮ್ಮ ಮಾತು ಪೂರಾ ಕೇಳಿದರೇ?’ ‘ಗುಳಿಗೆ ಯಾವಾಗ ತಗೋಬೇಕಂತ ಹೇಳಿದರೇ?’ ಎಂದು ನಡೆದ ಸಂಗತಿಯನ್ನು ಕೇಳಿದರೆ ಉತ್ತರ ನಿಶ್ಚಿತವಾಗುವುದು. ಆಸ್ಪತ್ರೆಗೆ ‘ದವಾಖಾನೆ’, ಸರದಿಗೆ ‘ಪಾಳಿ’, ನೋವಿಗೆ ‘ಬ್ಯಾನಿ’ ಎಂಬ ಬಳಕೆಯ ಮಾತುಗಳನ್ನು ಗ್ರಾಮ್ಯವೆಂದು ತಳ್ಳುವುದು ಇಲ್ಲಿ ಸಲ್ಲದು.

ವಾಕ್ಯರಚನೆಯಲ್ಲಿಯೂ ಎಚ್ಚರ ಅಗತ್ಯ. ‘ನಿಮಗೆ ತೊಂದರೆಯಾಗಲಿಲ್ಲವೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದರೆ, ತೊಂದರೆಯಾಯಿತೆಂದೂ ಆಗಲಿಲ್ಲವೆಂದೂ ಎರಡರ್ಥ ಹೊರಡುತ್ತದೆ. ‘ವೈದ್ಯರೂ ದಾದಿಯರೂ ಚೆನ್ನಾಗಿ ನೋಡಿಕೊಂಡರೇ?’ ಎಂದು ಎರಡನ್ನು ಕೂಡಿಸಿದರೂ ಉತ್ತರ ಯಾರಿಗೆ ಸಲ್ಲುವುದೆಂದು ತಿಳಿಯದು.

1932ರಲ್ಲಿ ಲೈಕರ್ಟನು ಪ್ರಚುರಪಡಿಸಿದ ಐದು ಮೆಟ್ಟಿಲುಗಳ ಅಳತೆಯು ಬಾಯಿಮಾತಿನಲ್ಲಿ ನೆನಪಿಗೆ ಭಾರವಾಗಬಹುದು. ಮೂರು ಆಯ್ಕೆಗಳು, ಅಥವಾ ಬರಿದು, ಅರೆ, ತುಂಬಿದ ಕೊಡಗಳ ಚಿತ್ರಗಳು ಸುಲಭವಾಗಬಹುದು. ಆದರೆ ಚಿತ್ರವೂ ಒಂದು ಲಿಪಿಯೇ. ಅದನ್ನು ಎಲ್ಲರೂ ಒಂದೇ ಬಗೆಯಾಗಿ ಓದುವರೆಂದು ಪರೀಕ್ಷಿಸದೆ ನಂಬಲಾಗದು.

ಕೇಳುವವರು ಯಾರೆಂಬುದೂ ಮುಖ್ಯ. ಚಿಕಿತ್ಸೆ ಮಾಡಿದವರೇ ಕೇಳಿದರೆ ದಾಕ್ಷಿಣ್ಯದಿಂದಲೋ ಭಯದಿಂದಲೋ ‘ಎಲ್ಲಾ ಚಲೋ ಐತ್ರಿ’ ಎಂಬ ಉತ್ತರವೇ ಬರಬಹುದು. ಆಸ್ಪತ್ರೆಗೆ ಸೇರದವರು, ರೋಗಿಯ ಮನೆಮಾತಿನಲ್ಲಿ, ಏಕಾಂತದಲ್ಲಿ ಕೇಳುವುದು ಮೇಲು. ಜೊತೆಗೆ ಬಂದ ಗಂಡನ ಉತ್ತರವು ಹೆಂಡತಿಯ ಅನುಭವವಾಗಲಾರದು.

ಪ್ರಯೋಗಕ್ಕೆ ಮುನ್ನ ಕೆಲವರಿಗೆ ಪ್ರಶ್ನೆಯನ್ನು ಓದಿಹೇಳಿ, ‘ನಾನು ಏನು ಕೇಳಿದೆ, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ವಿಚಾರಿಸಬೇಕು. ಕೇಳಿದ್ದೊಂದು, ತಿಳಿದದ್ದೊಂದಾದರೆ ತಿದ್ದಬೇಕಾದುದು ಪ್ರಶ್ನೆಯನ್ನು, ರೋಗಿಯನ್ನಲ್ಲ. ಈ ತಿದ್ದುವಿಕೆಯಲ್ಲಿ ಆಯಾ ತಾಲ್ಲೂಕಿನ ನುಡಿಯನ್ನು ಬಲ್ಲ ಕನ್ನಡ ಅಧ್ಯಾಪಕರ ನೆರವು ಬಹು ಪ್ರಯೋಜನಕರವಾಗುವುದು.