ನಾಯಿಗೂ ಬೇಕು ವಿದೇಶಯಾನದ ದಾಖಲೆ

ಮಹಾರಾಷ್ಟ್ರದಲ್ಲಿ ಕೃಷ್ಣಾ ನದಿಯ ದಡದ ಊರಾದ ಉದಗಾಂವದಿಂದ ಕರ್ನಾಟಕದ ಗಡಿ ಹತ್ತಿರವೇ ಇದ್ದು, ಈ ಸೀಮೆಯವರು ಬಲ್ಲ ಮುಧೋಳ ನಾಯಿಗೆ ಮಹಾರಾಷ್ಟ್ರದಲ್ಲಿ ಕಾರವಾನಿ ಎಂಬ ಹೆಸರೂ ಉಂಟು. ಇಂಥ ನಾಯಿಯನ್ನು ದೇಶದೊಳಗೆ ರೈಲಿನಲ್ಲಾಗಲಿ ವಾಹನದಲ್ಲಾಗಲಿ ಸಾಗಿಸುವಾಗ, ಅದು ಪ್ರಯಾಣಕ್ಕೆ ಯೋಗ್ಯವಾಗಿದೆ, ಅದರಲ್ಲಿ ರೇಬೀಸ್ ಸೇರಿದಂತೆ ಯಾವುದೇ ಸಾಂಕ್ರಾಮಿಕ ರೋಗದ ಲಕ್ಷಣವಿಲ್ಲ ಎಂದು ಪಶುವೈದ್ಯರು ಬರೆದುಕೊಟ್ಟ ಪ್ರಮಾಣಪತ್ರ ಜೊತೆಗಿರಬೇಕೆಂದು 1978ರ ಪ್ರಾಣಿ ಸಾಗಣೆ ನಿಯಮಗಳು ಹೇಳುತ್ತವೆ. ಆದರೆ ನೌಕರಿಗಾಗಿ ಜರ್ಮನಿಗೆ ಹೊರಟ ಕುಟುಂಬವೊಂದು ಅದೇ ನಾಯಿಯನ್ನು ಕರೆದೊಯ್ಯಬೇಕಾದರೆ ಆ ಒಂದು ಹಾಳೆ ಸಾಲುವುದಿಲ್ಲ. ತಯಾರಿಯನ್ನು ನಾಲ್ಕು ತಿಂಗಳಿಗೂ ಮೊದಲೇ ಆರಂಭಿಸಬೇಕಾಗುತ್ತದೆ.

ಇಷ್ಟೊಂದು ಕಟ್ಟುನಿಟ್ಟಿಗೆ ಕಾರಣ ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಸೋಂಕು ತಗುಲಿದ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಲಕ್ಷಣ ತೋರುವ ಈ ರೋಗ ಒಮ್ಮೆ ಕಾಣಿಸಿಕೊಂಡರೆ ಬಹುತೇಕ ಪ್ರಾಣಾಂತಿಕವೇ ಆದ್ದರಿಂದ, ಹೊರಡುವ ದಿನ ನಾಯಿ ಚೂಟಿಯಾಗಿ ಓಡಾಡಿಕೊಂಡಿದೆ ಎಂಬುದಷ್ಟೇ ಭರವಸೆ ಕೊಡಲಾರದು. ಈ ಭಯದಿಂದಲೇ ಬ್ರಿಟನ್ ಹೊರಗಿನ ನಾಯಿಗಳನ್ನು ಆರು ತಿಂಗಳು ಪ್ರತ್ಯೇಕವಾಗಿ ಕೂಡಿಹಾಕುತ್ತಿತ್ತು. 2000ದಲ್ಲಿ ಅದು ಜಾರಿಗೆ ತಂದ ಯೋಜನೆ, ಮೊದಮೊದಲು ಕೆಲವೇ ದೇಶಗಳ ನಾಯಿಗಳಿಗಾದರೂ, ಆ ಸೆರೆವಾಸದ ಬದಲು ಗುರುತಿನ ಚಿಪ್, ಲಸಿಕೆ ಮತ್ತು ರಕ್ತಪರೀಕ್ಷೆಯನ್ನು ಒಪ್ಪಿಕೊಂಡಿತು. ಒಡೆಯನಿಂದ ಅಗಲಿದ ನಾಯಿ ಪಡುವ ಸಂಕಟವನ್ನು ಬಲ್ಲವರಿಗೆ ಈ ಬದಲಾವಣೆ ಎಷ್ಟು ದೊಡ್ಡದೆಂಬುದು ತಿಳಿದೀತು.

ಜರ್ಮನಿಗೂ ಅನ್ವಯಿಸುವ ಯುರೋಪಿಯನ್ ಒಕ್ಕೂಟದ ನಿಯಮಾವಳಿಯಲ್ಲಿ ಈ ಕೆಲಸಗಳ ಅನುಕ್ರಮಕ್ಕೇ ಹೆಚ್ಚಿನ ಬೆಲೆ. ಚರ್ಮದಡಿ ಸೇರಿಸುವ, ಅಕ್ಕಿಕಾಳಿನಷ್ಟು ಗಾತ್ರದ ಚಿಪ್‌ನಲ್ಲಿ 15 ಅಂಕಿಗಳ ಸಂಖ್ಯೆಯಿದ್ದು, ಸ್ಕ್ಯಾನರನ್ನು ಕುತ್ತಿಗೆಯ ಮೇಲೆ ಆಡಿಸಿದಾಗ ಅದು ಪರದೆಯಲ್ಲಿ ಮೂಡುತ್ತದೆ. ರೇಬೀಸ್ ಲಸಿಕೆ ಚಿಪ್ ಹಾಕಿದ ಮೇಲೆಯೇ ಆಗಿರಬೇಕು. ಮೊದಲೇ ಹಾಕಿಸಿದ್ದರೆ, ಲಸಿಕೆ ಪಡೆದದ್ದು ಇದೇ ನಾಯಿಯೆಂದು ಸಾಬೀತುಪಡಿಸುವ ದಾರಿಯಿಲ್ಲದ ಕಾರಣ ಮತ್ತೆ ಹಾಕಿಸಬೇಕಾಗುತ್ತದೆ. ಲಸಿಕೆಯಾಗಿ ಕನಿಷ್ಠ 30 ದಿನಗಳ ಬಳಿಕ ತೆಗೆದ ರಕ್ತವನ್ನು ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ರೋಗವನ್ನು ತಡೆಯುವ ಪ್ರತಿಕಾಯಗಳು ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕಗಳಷ್ಟಾದರೂ ಇರಬೇಕು. ಭಾರತವು ಒಕ್ಕೂಟದ ರಿಯಾಯಿತಿ ಪಟ್ಟಿಯಲ್ಲಿಲ್ಲದ್ದರಿಂದ ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಲಸಿಕೆಗೆ ಮೊದಲೇ ಸೋಂಕು ತಗುಲಿದ್ದರೆ ಅದು ಈ ಅವಧಿಯಲ್ಲಿ ಹೊರಬೀಳುವ ಸಂಭವ ಹೆಚ್ಚು. ಅಮೆರಿಕವೂ 2024ರ ಆಗಸ್ಟ್ 1ರಿಂದ ನಾಯಿಗೆ ಆರು ತಿಂಗಳ ವಯಸ್ಸು ತುಂಬಿರಬೇಕು, ಚಿಪ್ ಇರಬೇಕು ಎಂದು ವಿಧಿಸಿದೆ.

ಆದ್ದರಿಂದ ಊರಿನ ದನದ ದವಾಖಾನೆಯಲ್ಲಿ ಬರೆಸಿಕೊಳ್ಳುವ ಲಸಿಕೆ ಪುಸ್ತಕವನ್ನು ಹಗುರವಾಗಿ ಕಾಣಬಾರದು. ಲಸಿಕೆ ಸೀಸೆಯ ಮೇಲಿನ ಚೀಟಿ, ಅದರ ಬ್ಯಾಚ್ ಸಂಖ್ಯೆ, ದಿನಾಂಕ, ವೈದ್ಯರ ಸಹಿ ಮತ್ತು ಮೊಹರು ಅದೇ ದಿನ ಪುಸ್ತಕ ಸೇರದಿದ್ದರೆ, ನಿಜಕ್ಕೂ ರಕ್ಷಣೆ ಪಡೆದ ನಾಯಿಯೂ ಕಾಗದದ ಲೆಕ್ಕದಲ್ಲಿ ಲಸಿಕೆಯಿಲ್ಲದ ನಾಯಿಯೇ ಆಗಿಬಿಡುತ್ತದೆ.

ಕೊನೆಯ ಹಂತ ಕೇಂದ್ರ ಸರ್ಕಾರದ ಪ್ರಾಣಿ ಸಂಪರ್ಕತಡೆ ಮತ್ತು ಪ್ರಮಾಣೀಕರಣ ಸೇವೆಯದು. ದೇಶದ ಕೆಲವೇ ನಗರಗಳಲ್ಲಿರುವ ಅದರ ಕೇಂದ್ರಗಳ ಪೈಕಿ ಉದಗಾಂವದವರಿಗೆ ಹತ್ತಿರದ್ದು ಮುಂಬಯಿ, ಇನ್ನೊಂದು ಬೆಂಗಳೂರು. ಅಲ್ಲಿನ ಅಧಿಕಾರಿ ಚಿಪ್ ಸಂಖ್ಯೆಯನ್ನು ದಾಖಲೆಗಳೊಂದಿಗೆ ತಾಳೆ ನೋಡಿ ಕೊಡುವ ಯುರೋಪಿನ ಆರೋಗ್ಯ ಪ್ರಮಾಣಪತ್ರ, ಒಕ್ಕೂಟದ ಗಡಿ ಮುಟ್ಟುವವರೆಗೆ 10 ದಿನ ಮಾತ್ರ ಊರ್ಜಿತವಾಗಿರುವುದರಿಂದ, ವಿಮಾನದ ಟಿಕೆಟ್ಟಿನ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಂಡೇ ಮುಂಬಯಿಯ ದಾರಿ ಹಿಡಿಯಬೇಕು.