ಕೈ, ಮುಳ್ಳು, ಕಡ್ಡಿ

ಎಲೆಯಿಂದ ಬಾಯಿಗೆ ಇರುವ ದೂರ ಒಂದು ಮೊಳಕ್ಕೆ ಮೀರದು. ಆದರೆ ಆ ಒಂದು ಮೊಳದ ಹಾದಿಯನ್ನು ಕ್ರಮಿಸುವುದಕ್ಕೆ ಲೋಕದ ಜನರು ಮೂರು ಬಗೆಯ ವಾಹನಗಳನ್ನು ಕಲ್ಪಿಸಿಕೊಂಡಿದ್ದಾರೆ. ಕೆಲವರಿಗೆ ಕೈ, ಕೆಲವರಿಗೆ ಮುಳ್ಳುಚಮಚ, ಇನ್ನು ಕೆಲವರಿಗೆ ಎರಡು ಕಡ್ಡಿ. ಒಬ್ಬರ ವಾಹನವನ್ನು ಕಂಡರೆ ಮತ್ತೊಬ್ಬರಿಗೆ ನಗೆ. ಐದು ಬೆರಳು ಕೂಡಿಸಿ ಉಣ್ಣುವವನನ್ನು ಕಂಡು ಮುಳ್ಳಿನವನು ಮೂಗು ಮುರಿಯುತ್ತಾನೆ; ಮುಳ್ಳು ಚೂರಿಗಳನ್ನು ಎರಡು ಕೈಯಲ್ಲಿ ಹಿಡಿದವನನ್ನು ಕಂಡು, ಈತ ಊಟಕ್ಕೆ ಕುಳಿತನೋ ಕಾಳಗಕ್ಕೆ ಹೊರಟನೋ ಎಂದು ಕಡ್ಡಿಯವನು ಬೆರಗಾಗುತ್ತಾನೆ; ಕಡ್ಡಿಯವನನ್ನು ಕಂಡು, ಇಷ್ಟು ನಾಜೂಕಿನಲ್ಲಿ ಹೊಟ್ಟೆ ತುಂಬುವುದು ಎಂದಿಗೆ ಎಂದು ನಾವು ಮರುಗುತ್ತೇವೆ. ಹೊಟ್ಟೆಯಂತೂ ಮೂವರದೂ ತುಂಬುತ್ತಲೇ ಬಂದಿದೆ.

ಕೊಳ್ಳೇಗಾಲದ ಸೀಮೆಯಲ್ಲಿ, ಅದರಲ್ಲಿಯೂ ಕುಂತೂರಿನಂಥ ಊರಿನಲ್ಲಿ, ಕಡ್ಡಿಯೂಟದ ಮಾತೆತ್ತುವುದು ಅಸಂಗತವೆಂದು ಓದುಗರಿಗೆ ತೋರಬಹುದು. ಇದು ಹಿಟ್ಟಿನ ನಾಡು. ರಾಗಿಮುದ್ದೆಯನ್ನು ಇಲ್ಲಿ ಬರಿದೆ ‘ಹಿಟ್ಟು’ ಎಂದರೆ ಸಾಕು. ಬೇರೆ ವಿಶೇಷಣ ಬೇಡ. ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಥೆಯಲ್ಲಿಯೂ ರಾಗಿ ಬೀಸುವ ಕಲ್ಲಿನ ಸದ್ದಿದೆ: ಸುತ್ತೂರು ಮಠದಲ್ಲಿ ರಾಗಿ ಬೀಸುವ ಕಾಯಕ ಮಾಡಿದ ಮಾದೇಶ್ವರನು ಅಲ್ಲಿಂದ ಕುಂತೂರು ಮಠಕ್ಕೆ ಬಂದು, ಆಮೇಲೆ ಏಳುಮಲೆಯ ಹಾದಿ ಹಿಡಿದನೆಂದು ಜನಪದದ ನಂಬಿಕೆ. ಇಂಥ ಹಿಟ್ಟನ್ನು ಉಣ್ಣುವುದಕ್ಕೆ ಕೈಯಲ್ಲದೆ ಬೇರೆ ಉಪಕರಣವಿಲ್ಲ. ಬಿಸಿ ಎಷ್ಟಿದೆಯೆಂದು ಬೆರಳೇ ಅಳೆಯಬೇಕು. ತುತ್ತನ್ನು ಬೆರಳೇ ಮುರಿದು, ದುಂಡಗೆ ಮಾಡಿ, ಸಾರಿನಲ್ಲಿ ಅದ್ದಿ, ಹಲ್ಲಿಗೆ ಕೆಲಸ ಕೊಡದೆ ಗಂಟಲಿಗೆ ಒಪ್ಪಿಸಬೇಕು. ಮುಳ್ಳು ಚುಚ್ಚಿದರೆ ಮುಳ್ಳು ಅಲ್ಲಿಯೇ ಉಳಿದೀತು. ಕಡ್ಡಿ ಹಾಕಿದರೆ ಎರಡೂ ಕಡ್ಡಿಗಳು ಹೂತುಹೋದಾವು. ಉಪಕರಣವು ಆಹಾರವನ್ನು ಆರಿಸಿಕೊಳ್ಳುವುದಿಲ್ಲ. ಆಹಾರವೇ ತನಗೆ ತಕ್ಕ ಉಪಕರಣವನ್ನು ಬೇಡುತ್ತದೆ. ಈ ಒಂದು ಮಾತನ್ನು ಒಪ್ಪಿದರೆ ಮುಂದಿನ ವಿಚಾರ ಸುಲಭವಾಗುತ್ತದೆ.

ಮುಳ್ಳುಚಮಚದ ಜೊತೆಗಾರ ಚೂರಿ. ಯೂರೋಪಿನ ಮೇಜಿಗೆ ಮಾಂಸವು ದೊಡ್ಡ ತುಂಡಾಗಿ ಬರುತ್ತಿತ್ತು. ಅದನ್ನು ಕೊಯ್ಯುವ ಕೆಲಸ ಉಣ್ಣುವವನದು. ಕೊಯ್ಯುವಾಗ ತುಂಡು ಜಾರದಂತೆ ಒತ್ತಿಹಿಡಿಯಲು ಮುಳ್ಳು ಬೇಕಾಯಿತು. ಆದರೆ ಅಲ್ಲಿಯೂ ಇದು ಅನಾದಿಕಾಲದ್ದಲ್ಲ. ಇಂಗ್ಲೆಂಡಿನ ಥಾಮಸ್ ಕೋರಿಯಟ್ ಎಂಬ ಪ್ರವಾಸಿಯು 1608ರಲ್ಲಿ ಇಟಲಿಯ ಜನರು ಮುಳ್ಳಿನಿಂದ ಉಣ್ಣುವುದನ್ನು ಕಂಡು ವಿಸ್ಮಿತನಾಗಿ, 1611ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದನ್ನು ಬಣ್ಣಿಸಿದನು. ಊರಿಗೆ ಮರಳಿ ತಾನೂ ಹಾಗೆಯೇ ಉಣ್ಣತೊಡಗಿದಾಗ, ‘ಮುಳ್ಳು ಹೊತ್ತವನು’ ಎಂದೂ ‘ಪೋಕರಿ’ ಎಂದೂ ಎರಡರ್ಥ ಬರುವ ಲ್ಯಾಟಿನ್ ಪದವೊಂದರಿಂದ ಗೆಳೆಯನೊಬ್ಬನು ಅವನನ್ನು ಹಾಸ್ಯಮಾಡಿದನಂತೆ. ಇದೇ ಕೋರಿಯಟ್ ಮುಂದೆ ಹಿಂದೂಸ್ಥಾನಕ್ಕೆ ಕಾಲ್ನಡಿಗೆಯಲ್ಲಿ ಬಂದು, 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡನು. ಆ ಹೊತ್ತಿಗೆ ಅವನ ನಾಡಿನ ಬಹುಜನರು ನಮ್ಮಂತೆಯೇ ಬೆರಳಿನಿಂದ ಉಣ್ಣುತ್ತಿದ್ದರು. ಎರಡು ಶತಮಾನಗಳು ಕಳೆದು ಅದೇ ನಾಡಿನವರು ಇಲ್ಲಿ ದೊರೆಗಳಾಗಿ ಕುಳಿತಾಗ ಮಾತ್ರ, ಬೆರಳಿನ ಊಟವು ಅನಾಗರಿಕತೆಯ ಕುರುಹಾಗಿ ಕಾಣಿಸಿತು.

ಮುಳ್ಳು ನಮಗೆ ಬಂದದ್ದು ದೊರೆಯ ಮೇಜಿನಿಂದ. ಆದುದರಿಂದ ಅದರೊಡನೆ ಸ್ವಲ್ಪ ನಾಚಿಕೆಯೂ ಬಂತು. ನಮ್ಮ ವಿದ್ಯಾವಂತರು ಅದನ್ನು ಕಲಿತದ್ದು ಊಟದ ಸುಖಕ್ಕಾಗಿ ಅಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಕ್ಕಾಗಿ. ಆ ಪರೀಕ್ಷೆ ಇಂದಿಗೂ ಮುಗಿದಿಲ್ಲ. ಹಳ್ಳಿಯಿಂದ ಪಟ್ಟಣಕ್ಕೆ ಹೋದ ಹುಡುಗನು ದೊಡ್ಡ ಹೋಟೆಲಿನ ಮೇಜಿನ ಮುಂದೆ ಕುಳಿತು, ಸುತ್ತ ನೋಡಿ, ತನ್ನ ಐದು ಬೆರಳುಗಳನ್ನು ತೊಡೆಯ ಮೇಲೆ ಅಡಗಿಸಿಕೊಳ್ಳುವ ನೋಟ ಅಪರೂಪವೇನಲ್ಲ. ಅವನಿಗೆ ಹಸಿವೆಯಿದೆ, ಎದುರಿಗೆ ಅನ್ನವಿದೆ, ಹುಟ್ಟಿನಿಂದ ಬಂದ ಕೈಯೂ ಇದೆ, ಧೈರ್ಯವೊಂದಿಲ್ಲ.

ಇನ್ನು ಕಡ್ಡಿಯ ವಿಚಾರ. ಚೀನದ ಅನ್ಯಾಂಗಿನ ಬಳಿ, ಶಾಂಗ್ ಅರಸರ ಹಳೆಯ ರಾಜಧಾನಿಯ ನೆಲೆಯಲ್ಲಿ, ಮೂರು ಸಾವಿರ ವರ್ಷಗಳಿಗೂ ಹಿಂದಿನ ಕಂಚಿನ ಕಡ್ಡಿಗಳು ಸಿಕ್ಕಿವೆ. ಮೊದಮೊದಲು ಅವು ಕುದಿಯುವ ಪಾತ್ರೆಯಿಂದ ತುಂಡುಗಳನ್ನು ಎತ್ತುವ ಸಾಧನಗಳಾಗಿದ್ದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಚೀನೀಯರ ಪ್ರಾಚೀನ ಆಚಾರಗ್ರಂಥವಾದ ‘ಲೀಜಿ’ಯಲ್ಲಿ, ಸಿರಿಧಾನ್ಯದ ಅನ್ನಕ್ಕೆ ಕಡ್ಡಿಯನ್ನು ಬಳಸಕೂಡದೆಂಬ ವಿಧಿಯೇ ಇದೆ. ಕಡ್ಡಿಯವರ ಪೂರ್ವಿಕರೂ ಒಂದು ಕಾಲಕ್ಕೆ ಧಾನ್ಯವನ್ನು ಕೈಯಿಂದಲೋ ಸೌಟಿನಂಥ ಚಮಚದಿಂದಲೋ ಉಂಡವರೇ. ಗೋಧಿಯ ಶ್ಯಾವಿಗೆ ಹರಡಿದಂತೆ ಕಡ್ಡಿಯ ರಾಜ್ಯವೂ ಹರಡಿತು. ಅಲ್ಲಿ ಕೊಯ್ಯುವ, ಹೆಚ್ಚುವ ಕೆಲಸವೆಲ್ಲ ಅಡುಗೆಮನೆಯಲ್ಲಿಯೇ ಮುಗಿಯುತ್ತದೆ. ಉಣ್ಣುವವನ ಮುಂದೆ ಚೂರಿ ಬರುವುದಿಲ್ಲ. ಅಕ್ಕಿಯೂ ಒಂದಕ್ಕೊಂದು ಅಂಟಿಕೊಳ್ಳುವ ಜಾತಿಯದು. ಬಟ್ಟಲನ್ನು ಬಾಯ ಬಳಿಗೆ ಎತ್ತುವುದು ಸಭ್ಯತೆಗೆ ವಿರೋಧವಲ್ಲ. ನಮ್ಮ ಉದುರುದುರಾದ ಅನ್ನವನ್ನು ಬಾಳೆಯೆಲೆಯ ಮೇಲೆ ಹರಡಿ, ತಿಳಿಸಾರು ಸುರಿದು, ಕಡ್ಡಿ ಕೊಟ್ಟರೆ ಚೀನದ ಚಕ್ರವರ್ತಿಯೂ ಉಪವಾಸವೇ ಏಳಬೇಕಾದೀತು.

ಹೀಗೆ ದೂರದೇಶದ್ದೆಂದು ನಾವು ತಿಳಿದಿರುವ ಈ ಕಡ್ಡಿಯು ಕೊಳ್ಳೇಗಾಲದ ಸೀಮೆಗೆ ಎರಡು ಬಾಗಿಲುಗಳಿಂದ ಪ್ರವೇಶಿಸಿದೆ ಎಂಬುದೇ ಸ್ವಾರಸ್ಯ.

ಮೊದಲನೆಯದು ರೇಷ್ಮೆಯ ಬಾಗಿಲು. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆಗಳು ಈ ಭಾಗದಲ್ಲಿ ಬಹುಕಾಲದಿಂದ ಇವೆ. ಕೊಳ್ಳೇಗಾಲದ ರೇಷ್ಮೆ ಸೀರೆಯ ಹೆಸರನ್ನು ಕೇಳದವರು ಕಡಮೆ. ಮೊಟ್ಟೆಯೊಡೆದು ಬಂದ ಹುಳುವಿನ ಉದ್ದ ಸುಮಾರು 3 ಮಿಲಿಮೀಟರ್. ಚಾಕಿಯ ಆ ಎಳೆಯ ಹುಳುವನ್ನು ಬೆರಳಿನಿಂದ ಮುಟ್ಟಿದರೆ ನಲುಗುತ್ತದೆ. ಬೆರಳಿನ ಬೆವರು, ಕೊಳೆಗಳಿಂದ ರೋಗ ತಗಲುವ ಭಯವೂ ಉಂಟು. ಆದಕಾರಣ ಅದನ್ನು ಸರಿಸಲು ಹಕ್ಕಿಯ ಗರಿ, ಎತ್ತಲು ಒಂದು ಗೇಣುದ್ದದ, ತುದಿ ಸಣ್ಣಗಿರುವ ಎರಡು ಬಿದಿರುಕಡ್ಡಿಗಳು ಬೇಕೆಂದು ರೇಷ್ಮೆ ಸಾಕಣೆಯ ಕೈಪಿಡಿಗಳು ವಿಧಿಸುತ್ತವೆ. ರೋಗ ಹಿಡಿದ ಹುಳುವನ್ನು ಆರಿಸಿ ಔಷಧದ ನೀರಿಗೆ ಹಾಕುವುದಕ್ಕೂ ಇದೇ ಕಡ್ಡಿ. ಕೈಪಿಡಿಗಳು ಇದನ್ನು ‘ಚಾಪ್‌ಸ್ಟಿಕ್’ ಎಂದೇ ಕರೆಯುತ್ತವೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ 1991ರಿಂದ ಜಪಾನಿನ ತಜ್ಞರು ದ್ವಿತಳಿ ರೇಷ್ಮೆಯ ಯೋಜನೆಗಾಗಿ ನಮ್ಮವರೊಡನೆ ದುಡಿದರು. ಅವರು ಊಟದ ಮನೆಯಲ್ಲಿ ಹಿಡಿಯುವ ವಸ್ತುವನ್ನೇ ನಮ್ಮವರು ಹುಳುವಿನ ಮನೆಯಲ್ಲಿ ಹಿಡಿಯುತ್ತಾರೆ. ಮೂರು ಮಿಲಿಮೀಟರಿನ ಜೀವವನ್ನು ನೋಯದಂತೆ ಎತ್ತಬಲ್ಲ ಕೈಗೆ ಒಂದು ಎಳೆ ಶ್ಯಾವಿಗೆಯನ್ನು ಎತ್ತುವುದು ಯಾವ ಮಹಾವಿದ್ಯೆ?

ಎರಡನೆಯದು ನಿರಾಶ್ರಿತರ ಬಾಗಿಲು. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ಟಿಬೆಟ್ಟಿನ ಜನರಿಗೆ ಅಂದಿನ ಮೈಸೂರು ರಾಜ್ಯವು ನೆಲ ಕೊಟ್ಟಿತು. 1960ರಲ್ಲಿ ಬೈಲುಕುಪ್ಪೆ, 1966ರಲ್ಲಿ ಮುಂಡಗೋಡು, 1970ರ ದಶಕದಲ್ಲಿ ನಮ್ಮ ಒಡೆಯರಪಾಳ್ಯ. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ದಾರಿಯಲ್ಲಿ, ಇಂದಿನ ಹನೂರು ತಾಲ್ಲೂಕಿನ ಕಾಡಂಚಿನಲ್ಲಿ, ಧೋಂಡೆನ್‌ಲಿಂಗ್ ಎಂಬ ಹೆಸರಿನಿಂದ ನೆಲಸಿರುವ ಈ ಜನರು ಮುಸುಕಿನ ಜೋಳ, ರಾಗಿ ಬೆಳೆಯುತ್ತ, ಝೋಗ್‌ಚೆನ್ ಮಠವನ್ನು ಕಟ್ಟಿಕೊಂಡು, ಐವತ್ತು ವರ್ಷಗಳಷ್ಟು ಕಾಲ ನಮ್ಮ ನೆರೆಯವರಾಗಿದ್ದಾರೆ. ಅವರ ‘ಥುಕ್ಪಾ’ ಎಂಬ ಶ್ಯಾವಿಗೆಯ ಸಾರಿನಲ್ಲಿ ಎಳೆಗಳನ್ನು ಕಡ್ಡಿಯಿಂದ ಎತ್ತಿ ತಿಂದು, ಉಳಿದ ರಸವನ್ನು ಬಟ್ಟಲೆತ್ತಿ ಕುಡಿಯುವುದು ವಾಡಿಕೆ.

ಇವರ ನಿತ್ಯದ ಹಳೆಯ ಆಹಾರ ಯಾವುದೆಂದು ಕೇಳಿದರೆ ಕುಂತೂರಿನ ಅಜ್ಜಿಯೂ ಸಂತೋಷಪಟ್ಟಾಳು. ಅದರ ಹೆಸರು ‘ಸಾಂಪಾ’. ಹುರಿದ ಜವೆಗೋಧಿಯ ಹಿಟ್ಟು. ಬೆಣ್ಣೆ ಹಾಕಿದ ಉಪ್ಪುಚಹಾದಲ್ಲಿ ಅದನ್ನು ಬಟ್ಟಲಿನಲ್ಲಿಯೇ ಬೆರಳಿನಿಂದ ಕಲಸಿ, ಉಂಡೆಮಾಡಿ ತಿನ್ನುತ್ತಾರೆ. ಅವರದೂ ಹಿಟ್ಟಿನ ನಾಡೇ, ಅವರದೂ ಕೈಯೂಟವೇ. ಕಡ್ಡಿಯು ಅವರಿಗೆ ಶ್ಯಾವಿಗೆಯ ಜೊತೆಯಲ್ಲಿ ನೆರೆಯ ಚೀನದಿಂದ ಬಂದ ಕಲಿಕೆ. ಆ ನೆರೆಯ ರಾಜ್ಯದ ಸೈನ್ಯದ ದೆಸೆಯಿಂದಲೇ ಅವರು ಮನೆಮಠಗಳನ್ನು ಬಿಟ್ಟು ಹಿಮದ ಕಣಿವೆಗಳನ್ನು ದಾಟಿ ಬರಬೇಕಾಯಿತು. ಆದರೂ ಶ್ಯಾವಿಗೆಯನ್ನು ತಿನ್ನುವಾಗ ಅವರು ಕಡ್ಡಿಯನ್ನು ಬಿಡಲಿಲ್ಲ; ಸಾಂಪಾ ತಿನ್ನುವಾಗ ಕೈಯನ್ನೂ ಬಿಡಲಿಲ್ಲ. ಕಲಿತ ವಿದ್ಯೆಯಲ್ಲಿ ಹಗೆಯೂ ಇಲ್ಲ, ಹುಟ್ಟಿದ ರೂಢಿಯಲ್ಲಿ ನಾಚಿಕೆಯೂ ಇಲ್ಲ. ಮುಳ್ಳಿನ ಮುಂದೆ ಬೆರಳನ್ನು ಅಡಗಿಸುವ ನಾವು ಈ ನೆರೆಯವರಿಂದ ಮೊದಲು ಕಲಿಯಬೇಕಾದುದು ಇದನ್ನು.

ಕಡ್ಡಿ ಹಿಡಿಯುವ ರೀತಿಯನ್ನಾದರೂ ಹೇಳಿಬಿಡುವುದು ಮೇಲು. ನೋಡುವವರಿಗೆ ಎರಡು ಕಡ್ಡಿಗಳೂ ಆಡುತ್ತಿರುವಂತೆ ಕಾಣುತ್ತದೆ; ಹೊಸಬರು ಸೋಲುವುದು ಇಲ್ಲಿಯೇ. ಆಡುವುದು ಒಂದೇ. ಮೊದಲ ಕಡ್ಡಿಯನ್ನು ಹೆಬ್ಬೆರಳಿನ ಬುಡದ ಸಂದಿನಲ್ಲಿ ಮಲಗಿಸಿ, ಅದರ ಮುಂಭಾಗಕ್ಕೆ ಉಂಗುರದ ಬೆರಳನ್ನು ಆಸರೆ ಕೊಟ್ಟರೆ, ಊಟ ಮುಗಿಯುವವರೆಗೆ ಅದು ಕದಲಕೂಡದು. ಎರಡನೆಯದನ್ನು ಲೇಖನಿಯಂತೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ತುದಿಗಳೆರಡೂ ಸಮವಾಗಿರಬೇಕು; ಬಿಗಿ ಹಿಡಿದಷ್ಟೂ ತುತ್ತು ಜಾರುತ್ತದೆ. ನಮ್ಮ ಸೀಮೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅದು ರಾಗಿ ಬೀಸುವ ಕಲ್ಲಿನ ನ್ಯಾಯ. ಕೆಳಕಲ್ಲು ಕೂತಿರುತ್ತದೆ, ಮೇಲ್ಕಲ್ಲು ತಿರುಗುತ್ತದೆ. ಎರಡೂ ತಿರುಗಿದರೆ ಹಿಟ್ಟು ಬೀಳುವುದಿಲ್ಲ.

ಹಿಡಿಯಲು ಬಂದ ಮೇಲೆ ಬಿಡಬೇಕಾದುದನ್ನೂ ತಿಳಿಯಬೇಕು. ಜಪಾನಿನಲ್ಲಿ ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸುವಂತಿಲ್ಲ. ಸತ್ತವರಿಗೆ ಎಡೆಯಿಡುವ ಕ್ರಮ ಅದು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತನ್ನು ದಾಟಿಸುವಂತಿಲ್ಲ. ದಹನವಾದ ಬಳಿಕ ಅಸ್ಥಿಯನ್ನು ಆರಿಸುವಾಗ ಬಂಧುಗಳು ಮಾಡುವುದು ಹಾಗೆ. ಎಲ್ಲರ ನಡುವಿನ ಪಾತ್ರೆಯಿಂದ ಬಡಿಸಿಕೊಳ್ಳಲು ಬೇರೆಯ ಕಡ್ಡಿಯನ್ನಿಡುವ ಪದ್ಧತಿಯೂ ಉಂಟು. ಎಂಜಲು, ಎಡೆ, ಸೂತಕಗಳ ಅರ್ಥವನ್ನು ಬಲ್ಲ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅರ್ಧ ಕೇಳುವಷ್ಟರಲ್ಲಿಯೇ ತಲೆದೂಗಿಯಾರು. ಮೇಜಿನ ಮುಳ್ಳಿನಲ್ಲಿ ಕಾಣದ ನೆಂಟತನವೊಂದು ನಮಗೆ ಈ ಕಡ್ಡಿಯಲ್ಲಿ ಕಾಣುವುದು ಇದರಿಂದಲೇ.

ಇಂದು ತಾಲ್ಲೂಕು ಊರುಗಳಲ್ಲಿ ಸಂಜೆಯಾದರೆ ನೂಡಲ್ಸಿನ ಗಾಡಿಗಳು ನಿಲ್ಲುತ್ತವೆ; ಕೈಗೆ ಪ್ಲಾಸ್ಟಿಕ್ಕಿನ ಮುಳ್ಳು ಬರುತ್ತದೆ. ಚೀನದ ಶ್ಯಾವಿಗೆಯನ್ನು ಕನ್ನಡಿಗನು ಇಂಗ್ಲಿಷರ ಮುಳ್ಳಿನಿಂದ ತಿನ್ನುವುದು ತಪ್ಪೆಂದು ಯಾರೂ ಹೇಳರು. ಹಸಿದವನಿಗೆ ಎಲ್ಲವೂ ಸರಿ. ಆದರೆ ಒಡೆಯರಪಾಳ್ಯದ ಮನೆಯೊಂದಕ್ಕೆ ಅತಿಥಿಯಾಗಿ ಹೋಗಿ, ಮುಂದಿಟ್ಟ ಕಡ್ಡಿಯನ್ನು ಸರಿಸಿ ಮುಳ್ಳನ್ನು ಕೇಳುವುದು ಬೇರೆ ಮಾತು. ಮನೆಯಾಕೆಗೂ ಮುಳ್ಳು ಪರಕೀಯ, ಬಂದವನಿಗೂ ಪರಕೀಯ. ಪಕ್ಕದ ಊರಿನ ಇಬ್ಬರು ಮಾತನಾಡಲು ಏಳು ಕಡಲಿನಾಚೆಯ ದುಭಾಷಿಯನ್ನು ಕರೆಸಿದಂತೆ ಅದು. ಐವತ್ತು ವರ್ಷಗಳಲ್ಲಿ ಆ ನೆರೆಯವರು ನಮ್ಮ ರಾಗಿಯನ್ನು ಬಿತ್ತಿ ಬೆಳೆದರು, ಅವರ ಮಕ್ಕಳು ನಮ್ಮ ಮಾತನ್ನು ಕಲಿತರು. ನಾವು ಅವರಿಂದ ಕಲಿತದ್ದೇನು ಎಂದು ಲೆಕ್ಕ ಹಾಕಿದರೆ, ಚಳಿಗಾಲದ ಉಣ್ಣೆಯಂಗಿಯನ್ನು ಕೊಂಡುದರ ಹೊರತು ಜಮೆಯ ಕಡೆ ಹೆಚ್ಚೇನೂ ಕಾಣುವುದಿಲ್ಲ. ಎರಡು ಕಡ್ಡಿಗಳ ವಿದ್ಯೆ ಚಿಕ್ಕದು. ಆದರೆ ನೆರೆಮನೆಯ ಊಟವನ್ನು ನೆರೆಮನೆಯವರಂತೆ ಉಣ್ಣುವುದು ಚಿಕ್ಕ ಮಾತಲ್ಲ.

ಹೀಗೆಂದ ಮಾತ್ರಕ್ಕೆ ಹಿಟ್ಟಿಗೆ ಕಡ್ಡಿ ಹಿಡಿಯಬೇಕಾಗಿಲ್ಲ, ಮುಳ್ಳನ್ನು ಕಿತ್ತೆಸೆಯಬೇಕಾಗಿಯೂ ಇಲ್ಲ. ಹೊಸದನ್ನು ಕಲಿಯುವುದೆಂದರೆ ಹಳೆಯದನ್ನು ಅಡಗಿಸುವುದೆಂಬ ಭ್ರಮೆಯೊಂದು ಹೋದರೆ ಸಾಕು. ನಮ್ಮ ಕೈಯೂಟವು ಕೆಳಕಲ್ಲು. ಅದು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದ್ದರೆ, ಮೇಲೆ ಯಾವ ದೇಶದ ಕಲ್ಲು ತಿರುಗಿದರೂ ಬೀಳುವುದು ಹಿಟ್ಟೇ.