ಬೀಟ್‌ರೂಟ್ ರಸ, ರಕ್ತದೊತ್ತಡ ಮತ್ತು ಓಟಗಾರರ ದಮ್ಮು

ನವಿ ಮುಂಬಯಿಯ ಘಣಸೋಲಿ, ಕೋಪರ್‌ಖೈರಣೆ, ವಾಶಿ ಪರಿಸರದ ಜ್ಯೂಸ್ ಅಂಗಡಿಗಳಲ್ಲಿ ಮೂಸಂಬಿ, ದಾಳಿಂಬೆ, ಕ್ಯಾರೆಟ್, ಬೀಟ್‌ರೂಟ್‌ಗಳ ರಸವೆಲ್ಲ ಒಂದೇ ಕಡೆ ದೊರೆಯುತ್ತದೆಯಾದರೂ ದೇಹದೊಳಗೆ ಅವು ಮಾಡುವ ಕೆಲಸ ಒಂದೇ ಬಗೆಯದಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿರುವುದರಿಂದ, ಯಾವ ರಸ ಯಾರಿಗೆ ಎಷ್ಟರಮಟ್ಟಿಗೆ ಹಿತ ಎಂಬುದು ಮನೆಮನೆಗೂ ಸಂಬಂಧಪಟ್ಟ ವಿಷಯವಾಗಿದೆ.

ಈ ರಸಗಳ ಪೈಕಿ ಹೆಚ್ಚು ಪರೀಕ್ಷೆಗೊಳಗಾದದ್ದು ಬೀಟ್‌ರೂಟ್. ಗಿಡವು ಮಣ್ಣಿನಿಂದ ಹೀರಿ ಗಡ್ಡೆಯಲ್ಲಿ ಕೂಡಿಟ್ಟುಕೊಳ್ಳುವ ನೈಟ್ರೇಟ್, ಅಂದರೆ ಸಾರಜನಕ ಮತ್ತು ಆಮ್ಲಜನಕಗಳು ಕೂಡಿದ ಲವಣಾಂಶ, ಇದರ ಗುಣಕ್ಕೆ ಮೂಲ. ಕುಡಿದ ರಸದ ನೈಟ್ರೇಟ್ ಕರುಳಿನಿಂದ ರಕ್ತಕ್ಕೆ ಸೇರಿದ ಬಳಿಕ ಅದರ ಸುಮಾರು ಕಾಲುಭಾಗವನ್ನು ಜೊಲ್ಲುಗ್ರಂಥಿಗಳು ಮರಳಿ ಬಾಯಿಗೆ ತರುತ್ತವೆ. ನಾಲಗೆಯ ಹಿಂಭಾಗದಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಜೊಲ್ಲಿನೊಡನೆ ಒಳಹೋದ ನೈಟ್ರೈಟ್ ಮುಂದೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗಿ ರಕ್ತನಾಳಗಳ ಗೋಡೆಯ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ನಾಳಗಳು ಹಿಗ್ಗಿದಾಗ ಒತ್ತಡ ಇಳಿಯುತ್ತದೆ. ಈ ಅನಿಲವು ದೇಹದೊಳಗೆ ಸಂದೇಶವಾಹಕವಾಗಿ ಕೆಲಸ ಮಾಡುವುದನ್ನು ತೋರಿಸಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ, ಫೆರಿದ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಲಂಡನ್ನಿನ ಸಂಶೋಧಕರು 2008ರಲ್ಲಿ ಆರೋಗ್ಯವಂತರಿಗೆ ಅರ್ಧ ಲೀಟರ್ ಬೀಟ್‌ರೂಟ್ ರಸ ಕೊಟ್ಟಾಗ, ಹೃದಯ ಸಂಕುಚಿಸುವ ಗಳಿಗೆಯ ಮೇಲಿನ ಒತ್ತಡವು ಮೂರು ಗಂಟೆಗಳೊಳಗೆ ಪಾದರಸದ ಅಳತೆಯಲ್ಲಿ ಸುಮಾರು 10 ಮಿಲಿಮೀಟರಿನಷ್ಟು ಇಳಿಯಿತು. ಅದೇ ರಸ ಕುಡಿದು ಜೊಲ್ಲನ್ನು ನುಂಗದೆ ಉಗುಳಿದಾಗ ಆ ಇಳಿಕೆ ಕಾಣಲಿಲ್ಲ. 2015ರಲ್ಲಿ ಅಧಿಕ ರಕ್ತದೊತ್ತಡದವರಿಗೆ ನಾಲ್ಕು ವಾರ ದಿನವೂ 250 ಮಿಲಿಲೀಟರ್ ರಸ ಕೊಟ್ಟು, ಉಳಿದವರಿಗೆ ನೈಟ್ರೇಟ್ ತೆಗೆದ ಅದೇ ರಸವನ್ನು ಕೊಟ್ಟು ಹೋಲಿಸಿದಾಗ, ನೈಟ್ರೇಟ್ ಉಳ್ಳ ರಸ ಕುಡಿದವರಲ್ಲಿ ಮಾತ್ರ ಒತ್ತಡ ಸುಮಾರು 8 ಮಿಲಿಮೀಟರ್ ತಗ್ಗಿತು. ರಸ ನಿಲ್ಲಿಸಿದ ಮೇಲೆ ಮತ್ತೆ ಏರಿತು. ಬಾಯಿಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮೌತ್‌ವಾಶ್ ಬಳಸಿದರೆ ಈ ಸರಣಿ ಮಧ್ಯದಲ್ಲೇ ಕಡಿಯುತ್ತದೆ.

ವ್ಯಾಯಾಮದ ವಿಷಯದಲ್ಲೂ ಇದೇ ನೈಟ್ರೇಟ್ ನೆರವಾಗುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಆರು ದಿನ ರಸ ಸೇವಿಸಿದ ಪುರುಷರು ಸೈಕಲ್ ತುಳಿಯಲು ಮೊದಲಿಗಿಂತ ಕಡಿಮೆ ಆಮ್ಲಜನಕ ಬಳಸಿದರಲ್ಲದೆ, ದಣಿದು ನಿಲ್ಲುವ ಮುನ್ನ ಶೇ 16ರಷ್ಟು ಹೆಚ್ಚು ಕಾಲ ತುಳಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 2018ರ ತಜ್ಞ ಹೇಳಿಕೆಯಂತೆ, 40 ನಿಮಿಷಕ್ಕಿಂತ ಕಡಿಮೆ ಅವಧಿಯ ಸ್ಪರ್ಧೆಗಳಲ್ಲಿ ದೊರೆಯುವ ಲಾಭ ಶೇ 1ರಿಂದ 3ರಷ್ಟು, ಅದನ್ನು ಪಡೆಯಲು ಸ್ಪರ್ಧೆಗೆ 2–3 ಗಂಟೆ ಮೊದಲು ರಸ ಕುಡಿಯಬೇಕು, ಮತ್ತು ನುರಿತ ಕ್ರೀಡಾಪಟುಗಳಲ್ಲಿ ಪರಿಣಾಮ ಇನ್ನೂ ಕಡಿಮೆ. ಆದ್ದರಿಂದ ಜನವರಿಯ ಮುಂಬಯಿ ಮ್ಯಾರಥಾನ್‌ಗೆ ಅಣಿಯಾಗುವವರು ತಿಂಗಳುಗಟ್ಟಲೆಯ ಅಭ್ಯಾಸದ ಜಾಗದಲ್ಲಿ ಒಂದು ಲೋಟ ರಸವನ್ನು ಇಡಲಾಗದು.

ಹಣ್ಣಿನ ರಸಗಳ ಬಲ ಬೇರೆ. ಮೂಸಂಬಿ, ಕಿತ್ತಳೆ, ಎಳನೀರುಗಳಲ್ಲಿರುವ ಪೊಟ್ಯಾಸಿಯಂ ದೇಹದಿಂದ ಸೋಡಿಯಂ ಹೊರಹೋಗಲು ಸಹಕರಿಸುತ್ತದೆ. ಆದರೆ ಹಣ್ಣನ್ನು ಹಿಂಡಿದಾಗ ನಾರು ಹಿಪ್ಪೆಯಲ್ಲೇ ಉಳಿದುಹೋಗಿ, ಸಕ್ಕರೆ ಬೆರೆಸದ ಒಂದು ದೊಡ್ಡ ಲೋಟ ರಸದಲ್ಲೇ ಸುಮಾರು 20 ಗ್ರಾಂ ಸಕ್ಕರೆ ದೇಹಕ್ಕೆ ಸೇರುತ್ತದೆ. ಮಧುಮೇಹಿಗಳಿಗೆ ಇಡೀ ಹಣ್ಣೇ ಮೇಲು. ಮೂತ್ರಪಿಂಡದ ಕಾಯಿಲೆ ಇರುವವರು ಪೊಟ್ಯಾಸಿಯಂ ಕಾರಣಕ್ಕೂ, ಕಲ್ಲಿನ ತೊಂದರೆ ಇರುವವರು ಬೀಟ್‌ರೂಟಿನ ಆಕ್ಸಲೇಟ್ ಕಾರಣಕ್ಕೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ನೈಟ್ರೇಟಿಗಾಗಿ ದುಬಾರಿ ಬಾಟಲಿಗಳ ಮೊರೆಹೋಗುವ ಅಗತ್ಯವೂ ಇಲ್ಲ. ಘಣಸೋಲಿಯ ಕನ್ನಡಿಗರ ಅಡುಗೆಮನೆಗೆ ಬರುವ ಹರಿವೆ ಮತ್ತು ಪಾಲಕ್ ಸೊಪ್ಪುಗಳಲ್ಲಿ ಅದು ಧಾರಾಳವಾಗಿದೆ. ನೀರಿನಲ್ಲಿ ಕರಗುವ ಅಂಶವಾದ್ದರಿಂದ ಬೇಯಿಸಿದ ನೀರನ್ನು ಬಸಿದು ಚೆಲ್ಲದೆ ಸಾರಿಗೆ ಬಳಸಬೇಕು, ಉಪ್ಪನ್ನೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ದಿನಕ್ಕೆ 5 ಗ್ರಾಂ ಮಿತಿಯೊಳಗೆ ಇರಿಸಬೇಕು. ರಸವಾಗಲಿ ಸೊಪ್ಪಾಗಲಿ ಚಿಕಿತ್ಸೆಯ ಜೊತೆಗಾರನೇ ಹೊರತು ಬದಲಿಯಲ್ಲ. ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದರಿಂದ ಆಗುವ ಹಾನಿಯನ್ನು ಯಾವ ರಸವೂ ತುಂಬಿಕೊಡಲಾರದು.